ಹ್ಯಾನ್ಸನ್ ವೈದ್ಯನ ಚರಿತ್ರೆ: ಕಾವಲಿನವರ ಮನೆಯಲ್ಲಿ ಅಡಗುವ ಕಳ್ಳನ ವಿಷಯ

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಏರಿದವರು ಅಲ್ಲಿ ಒಂದು ಬಾಗಿಲಾದ ಮೇಲೆ ಮತ್ತೊಂದು ಬಾಗಿಲನ್ನು ದಾಟಬೇಕಾಗುವುದೆಂದು ಬಲ್ಲರು. ಪಾವಗಡದ ಬೆಟ್ಟದ ಕೋಟೆಯೂ ಕೊರಟಗೆರೆ ಸೀಮೆಯ ಚನ್ನರಾಯನದುರ್ಗವೂ ಸಿರಾ ಪಟ್ಟಣದ ಕೋಟೆಯೂ ಹಾಗೆಯೇ ಗೋಡೆಯನ್ನೂ ಕಾವಲನ್ನೂ ನಂಬಿ ಕಟ್ಟಲ್ಪಟ್ಟವು. ನಗಾರಿ ಬಾರಿಸುತ್ತಾ ಬರುವ ಶತ್ರುವನ್ನು ಕಾವಲುಗಾರರು ದೂರದಿಂದಲೇ ಕಂಡು ಬಾಗಿಲು ಹಾಕುವರು. ಆದರೆ ಕಳ್ಳನು ಸದ್ದಿಲ್ಲದೆ ಒಳಹೊಕ್ಕು, ಕಾವಲುಗಾರನ ಮನೆಯಲ್ಲಿಯೇ ಬಿಡಾರಮಾಡಿ, ಅವನ ಅನ್ನವನ್ನೇ ಉಂಡುಕೊಂಡಿದ್ದರೆ ಕೋಟೆಯ ಗೋಡೆಯಿಂದ ಪ್ರಯೋಜನವೇನು?

ಮನುಷ್ಯನ ದೇಹವೂ ಒಂದು ಕೋಟೆಯೇ. ಚರ್ಮವು ಅದರ ಗೋಡೆ. ರಕ್ತದಲ್ಲಿಯೂ ಮಾಂಸದಲ್ಲಿಯೂ ಸಂಚರಿಸುವ ಬಿಳಿಯ ಕಣಗಳು ಅದರ ಕಾವಲುಗಾರರು. ಹೊರಗಿನಿಂದ ಬರುವ ರೋಗಾಣುಗಳನ್ನು ಇವು ಹಿಡಿದು ನುಂಗಿ ಕೊಲ್ಲುವವು. ಹೀಗಿದ್ದರೂ ಕೆಲವು ರೋಗಾಣುಗಳು ಈ ಕಾವಲನ್ನು ವಂಚಿಸುವ ಉಪಾಯವನ್ನು ಕಲಿತಿವೆ. ಅವುಗಳಲ್ಲಿ ಬಹು ಚತುರವಾದ ಒಂದನ್ನು ಮೊಟ್ಟಮೊದಲು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದ ವೈದ್ಯನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದೆ ಇಡುತ್ತೇವೆ. ಆತನು ಬಹು ದೂರದೇಶದವನು. ಆದರೂ ಆತನು ಕಂಡುಹಿಡಿದ ಸಂಗತಿಯು ನಮ್ಮ ಹಳ್ಳಿಗಳ ಮನೆಮನೆಗೂ ಸಂಬಂಧಪಟ್ಟದ್ದಾಗಿದೆ.

ಗೆರ್ಹಾರ್ಡ್ ಹೆನ್ರಿಕ್ ಆರ್ಮೌವರ್ ಹ್ಯಾನ್ಸನ್ ಎಂಬಾತನು ಯೂರೋಪು ಖಂಡದ ಉತ್ತರಭಾಗದಲ್ಲಿರುವ ನಾರ್ವೆ ದೇಶದ ಬರ್ಗೆನ್ ಎಂಬ ರೇವುಪಟ್ಟಣದಲ್ಲಿ ೧೮೪೧ನೆಯ ಇಸವಿ ಜುಲೈ ೨೯ನೆಯ ತಾರೀಖಿನಲ್ಲಿ ಹುಟ್ಟಿದನು. ತಂದೆಯು ವರ್ತಕನು. ಮನೆಯಲ್ಲಿ ಹದಿನೈದು ಮಂದಿ ಮಕ್ಕಳು. ವ್ಯಾಪಾರವು ಮುರಿದುಬಿದ್ದು ತಂದೆಯು ದಿವಾಳಿಯಾದ ಕಾರಣ, ಹುಡುಗನು ತಾನೇ ದುಡಿದು ವಿದ್ಯೆಯ ಖರ್ಚನ್ನು ಒದಗಿಸಿಕೊಳ್ಳಬೇಕಾಯಿತು. ಹೀಗೆ ಕಷ್ಟಪಟ್ಟು ಓದಿ ಆತನು ೧೮೬೬ರಲ್ಲಿ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಸ್ವಲ್ಪಕಾಲ ಲೋಫೋಟನ್ ದ್ವೀಪಗಳಲ್ಲಿ ಬೆಸ್ತರ ನಡುವೆ ವೈದ್ಯನಾಗಿದ್ದು, ೧೮೬೮ರಲ್ಲಿ ಹುಟ್ಟೂರಿಗೆ ಹಿಂದಿರುಗಿ ಅಲ್ಲಿಯ ಕುಷ್ಠರೋಗಿಗಳ ಆಸ್ಪತ್ರೆಯ ಕೆಲಸಕ್ಕೆ ಸೇರಿದನು.

ಆ ಕಾಲದಲ್ಲಿ ನಾರ್ವೆಯ ಪಶ್ಚಿಮ ತೀರದ ಬಡ ರೈತರಲ್ಲಿಯೂ ಬೆಸ್ತರಲ್ಲಿಯೂ ಕುಷ್ಠರೋಗವು ಬಹಳವಾಗಿ ಹಬ್ಬಿತ್ತು. ಸರ್ಕಾರದವರು ೧೮೫೬ರಲ್ಲಿ ದೇಶದ ಕುಷ್ಠರೋಗಿಗಳೆಲ್ಲರ ಹೆಸರುಗಳನ್ನು ಬರೆದಿಡುವ ಪಟ್ಟಿಯನ್ನು ತೆರೆದರು. ಇಡೀ ದೇಶದಲ್ಲಿ ಒಂದು ರೋಗವನ್ನು ಕುರಿತು ಹೀಗೆ ಲೆಕ್ಕವಿಟ್ಟದ್ದು ಲೋಕದಲ್ಲಿ ಅದೇ ಮೊದಲು. ಅಷ್ಟು ಚಿಕ್ಕ ದೇಶದಲ್ಲಿ ಎರಡು ಸಾವಿರದ ಎಂಟುನೂರಕ್ಕೆ ಮೇಲ್ಪಟ್ಟ ರೋಗಿಗಳಿದ್ದರು.

ಈ ವ್ಯಾಧಿಯು ಹೇಗೆ ಬರುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಇದು ಪಾಪದ ಫಲವೆಂದೂ ಶಾಪವೆಂದೂ ಸಾಮಾನ್ಯ ಜನರು ಹೇಳುತ್ತಿದ್ದರು. ನಮ್ಮ ದೇಶದಲ್ಲಿಯೂ ಹಾಗೆ ಹೇಳುವವರು ಇನ್ನೂ ಇಲ್ಲದಿಲ್ಲ. ಸತ್ಯವೇದವನ್ನು ಓದುವವರಲ್ಲಿಯೂ ಕೆಲವರು ಅಲ್ಲಿ ಹೇಳಿರುವ ಕುಷ್ಠವೂ ಇದೂ ಒಂದೇ ಎಂದು ತಿಳಿದು ಹೆದರುವುದುಂಟು. ಆದರೆ ಆ ಹಳೆಯ ಮಾತು ಅನೇಕ ವಿಧವಾದ ಚರ್ಮವ್ಯಾಧಿಗಳಿಗೂ, ಬಟ್ಟೆಗೂ ಗೋಡೆಗೂ ಹತ್ತುವ ಬೂಷ್ಟಿಗೂ ಸಲ್ಲುತ್ತಿತ್ತೆಂದು ಪಂಡಿತರು ತೋರಿಸಿದ್ದಾರೆ. ವಿದ್ಯಾವಂತ ವೈದ್ಯರೋ ಇದು ತಂದೆತಾಯಿಗಳಿಂದ ಮಕ್ಕಳಿಗೆ ರಕ್ತದಲ್ಲಿ ಇಳಿದುಬರುವ ರೋಗವೆಂದು ನಂಬಿದ್ದರು. ಬರ್ಗೆನ್ ಪಟ್ಟಣದ ಹಿರಿಯ ವೈದ್ಯನಾದ ಡೇನಿಯಲ್ಸನನು ಈ ಪಕ್ಷದವರಲ್ಲಿ ಮುಖ್ಯನು. ಆತನು ಧೈರ್ಯಶಾಲಿ, ರೋಗಿಗಳ ಗಂಟಿನಿಂದ ತೆಗೆದ ವಸ್ತುವನ್ನು ತನ್ನ ದೇಹದಲ್ಲಿಯೇ ಚುಚ್ಚಿಕೊಂಡು ನೋಡಿದನು. ರೋಗವು ಬರಲಿಲ್ಲ. ಆದುದರಿಂದ ಇದು ಅಂಟುರೋಗವಲ್ಲವೆಂದು ಆತನು ನಿಶ್ಚಯಿಸಿಕೊಂಡನು. ಈ ನಿಶ್ಚಯವು ತಪ್ಪಾಗಿತ್ತು; ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಹ್ಯಾನ್ಸನನು ತನ್ನ ಹಿರಿಯನ ಮಾತನ್ನು ಗೌರವದಿಂದ ಕೇಳಿದನು. ಆದರೆ ಕೇಳಿದ ಮಾತ್ರಕ್ಕೆ ಒಪ್ಪಲಿಲ್ಲ. ಹಳ್ಳಿಹಳ್ಳಿಗೆ ಹೋಗಿ ಯಾವ ಮನೆಯಲ್ಲಿ ಯಾರಿಗೆ ಯಾವಾಗ ರೋಗವು ಬಂದಿತು, ಅವರು ಯಾರೊಡನೆ ವಾಸಮಾಡಿದ್ದರು ಎಂದು ಒಬ್ಬೊಬ್ಬರನ್ನಾಗಿ ವಿಚಾರಿಸಿದನು. ರಕ್ತಸಂಬಂಧವಿಲ್ಲದಿದ್ದರೂ ಬಹುಕಾಲ ಒಂದೇ ಸೂರಿನ ಕೆಳಗೆ ಇದ್ದವರಿಗೆ ರೋಗವು ಬಂದಿರುವುದನ್ನು ಕಂಡನು. ಆದುದರಿಂದ ಇದಕ್ಕೆ ಕಾರಣವಾದ ಯಾವುದೋ ವಸ್ತುವು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತಿರಬೇಕೆಂದು ಆತನಿಗೆ ತೋಚಿತು. ೧೮೭೦-೭೧ರಲ್ಲಿ ಬಾನ್ ಮತ್ತು ವಿಯೆನ್ನಾ ನಗರಗಳಿಗೆ ಹೋಗಿ ಸೂಕ್ಷ್ಮದರ್ಶಕ ಯಂತ್ರದ ಕೆಲಸವನ್ನು ಅಭ್ಯಾಸಮಾಡಿ ಬಂದನು.

೧೮೭೩ನೆಯ ವರ್ಷವು ಆತನ ಬಾಳಿನಲ್ಲಿ ಸಂತೋಷವನ್ನೂ ದುಃಖವನ್ನೂ ಕೂಡಿಯೇ ತಂದಿತು. ಆ ವರ್ಷ ಆತನು ಡೇನಿಯಲ್ಸನನ ಮಗಳನ್ನು ಮದುವೆಯಾದನು. ಅದೇ ವರ್ಷದ ಫೆಬ್ರವರಿ ತಿಂಗಳಲ್ಲಿ ಒಬ್ಬ ರೋಗಿಯ ಗಂಟಿನಿಂದ ತೆಗೆದ ಅಂಶವನ್ನು ಯಂತ್ರದ ಕೆಳಗೆ ಇಟ್ಟು ನೋಡುತ್ತಿರಲು, ಕಣಗಳ ಒಳಗೆ ಚಿಕ್ಕ ಕಡ್ಡಿಗಳಂಥ ಆಕಾರಗಳು ಕಾಣಿಸಿದವು. ವರ್ಷವು ಮುಗಿಯುವದಕ್ಕೆ ಮೊದಲೇ ಎಳೆಯ ಪ್ರಾಯದ ಪತ್ನಿಯು ಕ್ಷಯರೋಗದಿಂದ ತೀರಿಹೋದಳು. ಆಕೆಯನ್ನು ಕೊಂದ ರೋಗಾಣುವು ಆತನು ಕಂಡ ರೋಗಾಣುವಿನ ಹತ್ತಿರದ ಸಂಬಂಧಿಯೆಂದು ಆಗ ಯಾರಿಗೂ ತಿಳಿಯದು. ಕೋಖ್ ಎಂಬ ಪಂಡಿತನು ಕ್ಷಯದ ರೋಗಾಣುವನ್ನು ಕಂಡದ್ದು ೧೮೮೨ರಲ್ಲಿ. ಹ್ಯಾನ್ಸನನು ದುಃಖವನ್ನು ನುಂಗಿಕೊಂಡು ಕೆಲಸವನ್ನು ಮುಂದರಿಸಿ, ತಾನು ಕಂಡದ್ದನ್ನು ೧೮೭೪ರಲ್ಲಿ ಅಚ್ಚುಹಾಕಿಸಿದನು. ಮನುಷ್ಯನಿಗೆ ಬರುವ ಒಂದು ದೀರ್ಘರೋಗಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ಹೇಳಿದವರಲ್ಲಿ ಆತನೇ ಮೊದಲಿಗನು.

ಈ ಕಡ್ಡಿಗಳು ಕಣಗಳ ಹೊರಗಲ್ಲ, ಒಳಗೆ ಇದ್ದವೆಂಬುದನ್ನು ವಾಚಕರು ಗಮನಿಸಬೇಕು. ಅವು ಅಡಗಿದ್ದ ಕಣಗಳಲ್ಲಿ ಹೆಚ್ಚಿನವು ರೋಗಾಣುಗಳನ್ನು ನುಂಗಿ ಜೀರ್ಣಿಸತಕ್ಕ ಕಾವಲು ಕಣಗಳೇ. ನುಂಗಲ್ಪಟ್ಟದ್ದು ನುಂಗಿದವನ ಹೊಟ್ಟೆಯಲ್ಲಿ ಸುಖವಾಗಿ ಬಾಳುವುದು ಹೇಗೆ? ಹ್ಯಾನ್ಸನನ ಕಾಲದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆತನ ತರುವಾಯ ಬಂದ ವಿದ್ವಾಂಸರು ಶೋಧಿಸಿ ತಿಳಿದದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಕಾವಲು ಕಣವು ಒಂದು ರೋಗಾಣುವನ್ನು ನುಂಗಿದ ಕೂಡಲೆ ಅದನ್ನು ಒಂದು ಚಿಕ್ಕ ಚೀಲದಲ್ಲಿ ಕಟ್ಟುವುದು. ಆ ಮೇಲೆ ತೀಕ್ಷ್ಣವಾದ ಜೀರ್ಣರಸ ತುಂಬಿದ ಮತ್ತೊಂದು ಚೀಲವು ಬಂದು ಇದರೊಡನೆ ಕೂಡಿಕೊಳ್ಳುವುದು, ರೋಗಾಣುವು ಕರಗಿಹೋಗುವುದು. ಇದು ಸಾಮಾನ್ಯ ಕ್ರಮ. ಆದರೆ ಕುಷ್ಠದ ರೋಗಾಣುವು ಈ ಎರಡು ಚೀಲಗಳು ಒಂದಾಗದಂತೆ ಅಡ್ಡಿಮಾಡುವುದು. ಅದರ ಮೈಮೇಲೆ ಮೇಣದಂಥ ದಪ್ಪ ಕವಚವಿದೆ. ಆ ಕವಚದಲ್ಲಿರುವ ವಿಶೇಷವಾದ ಕೊಬ್ಬಿನ ವಸ್ತುವೊಂದು, ಕಾವಲು ಕಣವು ಪ್ರಯೋಗಿಸುವ ಸುಡುವ ವಿಷವಾಯುವನ್ನು ಹೀರಿ ಅದರ ಬಲವನ್ನು ಕೆಡಿಸುವುದು. ಇಷ್ಟೇ ಅಲ್ಲದೆ ಅದು ಕಾವಲು ಕಣದೊಳಗೆ ಕೊಬ್ಬಿನ ಹನಿಗಳು ಕೂಡಿಕೊಳ್ಳುವಂತೆ ಮಾಡಿ, ಅದರ ನಡುವೆ ಸುಖವಾಗಿ ಬೆಳೆಯುವುದು. ಕಳ್ಳನು ಕಾವಲಿನವನ ಮನೆಯಲ್ಲಿ ಅವನ ಅನ್ನವನ್ನೇ ಉಣ್ಣುವುದೆಂದು ನಾವು ಮೊದಲು ಹೇಳಿದ್ದು ಇದನ್ನೇ.

ಅದರ ಎರಡನೆಯ ಉಪಾಯವು ನಿಧಾನ. ಬೇರೆ ಅನೇಕ ರೋಗಾಣುಗಳು ಅರ್ಧ ಗಂಟೆಗೊಮ್ಮೆ ಒಂದು ಎರಡಾಗುವವು. ಆದ್ದರಿಂದ ಜ್ವರ ಬರುವುದು, ಮನೆಯವರು ಓಡಾಡುವರು. ಕುಷ್ಠದ ರೋಗಾಣುವು ಒಂದು ಎರಡಾಗುವುದಕ್ಕೆ ಸುಮಾರು ಎರಡು ವಾರ ಬೇಕು. ಸೋಂಕು ತಗಲಿದ ಮೇಲೆ ರೋಗವು ತೋರುವುದಕ್ಕೆ ಸಾಧಾರಣವಾಗಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ ಹಿಡಿಯುವುದುಂಟು. ಗದ್ದಲವಿಲ್ಲದ ಕಡೆಯಲ್ಲಿ ಕಾವಲು ಎಚ್ಚರವಾಗುವುದು ಹೇಗೆ?

ಮೂರನೆಯ ಉಪಾಯವು ನರಗಳನ್ನು ಸೇರುವುದು. ನರದ ಎಳೆಗಳ ಸುತ್ತಲೂ ಹೊದಿಕೆಯಂತೆ ಸುತ್ತಿಕೊಂಡಿರುವ ಕಣಗಳುಂಟು. ಬ್ಯಾಕ್ಟೀರಿಯಗಳಲ್ಲಿ ಹೀಗೆ ನರವನ್ನೇ ಮನೆಮಾಡಿಕೊಳ್ಳುವುದು ಇದರ ವಿಶೇಷ ಗುಣ. ಅಲ್ಲಿ ಕಾವಲಿನ ಸಂಚಾರವು ಕಡಿಮೆ. ನರವು ಕೆಟ್ಟಂತೆ ಆ ಜಾಗದಲ್ಲಿ ಸ್ಪರ್ಶಜ್ಞಾನವು ನಶಿಸುವುದು. ನೋವೆಂಬುದು ದೇಹದ ಕೂಗು. ಆ ಕೂಗೇ ಅಡಗಿಹೋದರೆ, ಒಲೆಯ ಕೆಂಡ ತಗಲಿದರೂ ಮುಳ್ಳು ನೆಟ್ಟರೂ ಮನುಷ್ಯನಿಗೆ ತಿಳಿಯದು. ಬೆರಳುಗಳು ಸವೆಯುವುದು ರೋಗಾಣುವು ತಿನ್ನುವುದರಿಂದಲ್ಲ. ನೋವಿಲ್ಲದ ಗಾಯಗಳು ಮತ್ತೆ ಮತ್ತೆ ಆಗಿ ಹುಣ್ಣಾಗುವುದರಿಂದಲೇ ಹೆಚ್ಚು.

ಎಲ್ಲರ ಕಾವಲೂ ಒಂದೇ ವಿಧವಲ್ಲ. ನೂರು ಮಂದಿಯಲ್ಲಿ ತೊಂಬತ್ತೈದು ಮಂದಿಗೆ ಈ ರೋಗಾಣುವನ್ನು ತಡೆಯುವ ಶಕ್ತಿಯು ಸ್ವಭಾವವಾಗಿಯೇ ಇರುವುದೆಂದು ಈಗ ಎಣಿಸುತ್ತಾರೆ. ಡೇನಿಯಲ್ಸನನು ಚುಚ್ಚಿಕೊಂಡರೂ ರೋಗವು ಬಾರದ್ದಕ್ಕೆ ಇದೇ ಕಾರಣವಾಗಿರಬೇಕು. ಉಳಿದವರಲ್ಲಿ ಕೆಲವರ ಕಾವಲು ಚೆನ್ನಾಗಿ ಹೋರಾಡುವುದು. ಅವರಿಗೆ ಒಂದೆರಡು ಮಚ್ಚೆಗಳು ಮಾತ್ರ ಏಳುವವು, ಆದರೆ ಆ ಹೋರಾಟದಲ್ಲಿಯೇ ನರವು ಪೆಟ್ಟು ತಿನ್ನುವುದು. ಬೇರೆ ಕೆಲವರಲ್ಲಿ ಈ ರೋಗಾಣುವನ್ನು ಕುರಿತು ಕಾವಲಿಗೆ ಮಂಕು ಕವಿದಂತಾಗಿ, ಗಂಟುಗಳು ಮೈಯೆಲ್ಲಾ ಹರಡುವವು. ಇಂಥವರ ರಕ್ತದಲ್ಲಿ ರೋಗಾಣುವಿಗೆ ಎದುರಾದ ಪ್ರತಿವಸ್ತುಗಳು ಬೇಕಾದಷ್ಟು ಇರುವವು. ಆದರೆ ಕಳ್ಳನು ಮನೆಯೊಳಗೆ ಇರುವಾಗ ಬೀದಿಯಲ್ಲಿ ಹಾರುವ ಬಾಣಗಳು ಅವನನ್ನು ಮುಟ್ಟುವುದಿಲ್ಲ.

ಕಾವಲನ್ನು ವಂಚಿಸುವುದು ಈ ಒಂದು ರೋಗಾಣುವಿನ ವಿದ್ಯೆ ಮಾತ್ರವಲ್ಲ. ಕ್ಷಯದ ರೋಗಾಣುವೂ ನುಂಗಿದ ಕಣದೊಳಗೇ ಬದುಕುವುದು. ನ್ಯುಮೋನಿಯ ರೋಗಾಣುವು ಹಿಡಿತಕ್ಕೆ ಸಿಕ್ಕದ ಜಾರುವ ಅಂಗಿಯನ್ನು ತೊಟ್ಟಿರುವುದು. ವಿಷಮಶೀತಜ್ವರದ ರೋಗಾಣುವು ಕೆಲವರ ಪಿತ್ತಕೋಶದಲ್ಲಿ ವರ್ಷಾಂತರ ಅಡಗಿದ್ದು, ಆರೋಗ್ಯವಂತರಾಗಿ ಕಾಣುವವರ ಮೂಲಕ ಊರಿಗೆ ರೋಗವನ್ನು ಹರಡುವುದು. ಪ್ಲೇಗಿನ ರೋಗಾಣುವು ಕಾವಲು ಕಣದೊಳಕ್ಕೆ ಸೂಜಿಯಿಂದ ಚುಚ್ಚುವಂತೆ ವಿಷವನ್ನು ಹೊಗಿಸಿ ಅದನ್ನು ನಿಶ್ಚೇಷ್ಟಿತವಾಗಿ ಮಾಡುವುದು. ಒಂದೊಂದರ ಉಪಾಯವೂ ಬೇರೆ; ಕಣ್ಣಿಗೆ ಬೀಳದಿರುವುದು, ಇಲ್ಲವೆ ಕೈಗೆ ಸಿಕ್ಕದಿರುವುದೇ ಎಲ್ಲವುಗಳ ಗುರಿ.

ಇನ್ನು ಹ್ಯಾನ್ಸನನ ಚರಿತ್ರೆಗೆ ಬರೋಣ. ಆತನು ಕಡ್ಡಿಗಳನ್ನು ಕಂಡನು. ಆದರೆ ಅವೇ ರೋಗಕ್ಕೆ ಕಾರಣವೆಂದು ಎಲ್ಲರೂ ಒಪ್ಪುವಂತೆ ಸಾಧಿಸಲು ಅವುಗಳನ್ನು ದೇಹದ ಹೊರಗೆ ಬೆಳಸಬೇಕಾಗಿತ್ತು. ಎಷ್ಟು ಪ್ರಯತ್ನಪಟ್ಟರೂ ಬೆಳೆಯಲಿಲ್ಲ. ಇಂದಿನ ವರೆಗೂ ಯಾವ ಪ್ರಯೋಗಶಾಲೆಯ ಗಾಜಿನ ಬುಡ್ಡಿಯಲ್ಲಿಯೂ ಅದನ್ನು ಬೆಳಸಲು ಸಾಧ್ಯವಾಗಿಲ್ಲ. ೧೯೬೦ರಲ್ಲಿ ಇಲಿಯ ಪಾದದಲ್ಲಿಯೂ, ೧೯೭೧ರಲ್ಲಿ ಅಮೆರಿಕದ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯಲ್ಲಿಯೂ ಅದು ಬೆಳೆಯುವುದೆಂದು ತೋರಿಸಲ್ಪಟ್ಟಿತು. ೨೦೦೧ರಲ್ಲಿ ಅದರ ವಂಶಸೂತ್ರಗಳನ್ನು ಪೂರ್ತಿಯಾಗಿ ಓದಿದಾಗ ಕಾರಣವೂ ಹೊಳೆಯಿತು: ಪರರ ಮನೆಯಲ್ಲಿಯೇ ಉಂಡು ಉಂಡು, ತಾನಾಗಿ ಬದುಕುವದಕ್ಕೆ ಬೇಕಾದ ಸೂತ್ರಗಳಲ್ಲಿ ಎಷ್ಟೋ ಅಂಶವನ್ನು ಅದು ಕಳೆದುಕೊಂಡಿತ್ತು.

ಈ ಆತುರದಲ್ಲಿ ಹ್ಯಾನ್ಸನನು ಒಂದು ದೊಡ್ಡ ತಪ್ಪನ್ನು ಮಾಡಿದನು. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಅವರ ದೋಷಗಳನ್ನು ಮುಚ್ಚುವುದು ನ್ಯಾಯವಲ್ಲವಾದ ಕಾರಣ ಇದನ್ನೂ ಹೇಳುತ್ತೇವೆ. ೧೮೭೯ನೆಯ ಇಸವಿ ನವೆಂಬರ್ ತಿಂಗಳಲ್ಲಿ ಆತನು ಆಸ್ಪತ್ರೆಯಲ್ಲಿದ್ದ ಒಬ್ಬ ರೋಗಿ ಸ್ತ್ರೀಯ ಕಣ್ಣಿನಲ್ಲಿ, ಮತ್ತೊಬ್ಬ ರೋಗಿಯ ಗಂಟಿನ ವಸ್ತುವನ್ನು ಸವರಿದ ಚೂಪಾದ ಉಪಕರಣದಿಂದ ಚುಚ್ಚಿದನು. ಆಕೆಗೆ ಕುಷ್ಠದ ಒಂದು ವಿಧವಿತ್ತು. ಮತ್ತೊಂದು ವಿಧವು ಹುಟ್ಟುವುದೋ ಎಂದು ನೋಡಬೇಕೆಂಬುದು ಆತನ ಉದ್ದೇಶ. ಆಕೆಯ ಒಪ್ಪಿಗೆಯನ್ನು ಆತನು ಕೇಳಲಿಲ್ಲ. ಕೇಳಿದರೆ ಒಪ್ಪಲಾರಳೆಂದು ತಿಳಿದೇ ಕೇಳದೆ ಹೋದನು. ಆ ಬಡ ಹೆಂಗಸು ಸುಮ್ಮನಿರಲಿಲ್ಲ. ಅವಳ ದೂರು ನ್ಯಾಯಸ್ಥಾನಕ್ಕೆ ಹೋಯಿತು. ೧೮೮೦ರಲ್ಲಿ ನ್ಯಾಯಾಧಿಪತಿಗಳು ಹ್ಯಾನ್ಸನನು ತಪ್ಪಿತಸ್ಥನೆಂದು ತೀರ್ಪುಕೊಟ್ಟು, ಆಸ್ಪತ್ರೆಯ ವೈದ್ಯನ ಹುದ್ದೆಯಿಂದ ಆತನನ್ನು ತೆಗೆದುಹಾಕಿದರು. ದೇಶದ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯನ ಅಧಿಕಾರವು ಮಾತ್ರ ಆತನಿಗೆ ಉಳಿಯಿತು. ಅದುವರೆಗೆ ಕುಷ್ಠರೋಗಿಯ ಮೈಯನ್ನು ಯಾರೂ ಕೇಳುವವರಿಲ್ಲದ ವಸ್ತುವೆಂದು ಎಣಿಸಿದವರು ಎಷ್ಟೋ ಮಂದಿ. ರೋಗಿಯೂ ಮನುಷ್ಯನೇ, ಆತನ ಒಪ್ಪಿಗೆಯಿಲ್ಲದೆ ಆತನ ದೇಹದ ಮೇಲೆ ಪರೀಕ್ಷೆ ಮಾಡಕೂಡದು ಎಂಬ ನ್ಯಾಯವನ್ನು ಆ ತೀರ್ಪು ಎತ್ತಿಹಿಡಿಯಿತು.

ಅದೇ ಕಾಲದಲ್ಲಿ ಮತ್ತೊಂದು ಕಷ್ಟವೂ ಬಂದಿತು. ಜರ್ಮನಿಯ ನೈಸರ್ ಎಂಬ ತರುಣ ವೈದ್ಯನು ೧೮೭೯ರಲ್ಲಿ ಬರ್ಗೆನ್ನಿಗೆ ಬಂದು, ಹ್ಯಾನ್ಸನನಿಂದಲೇ ರೋಗಿಗಳ ಅಂಶಗಳನ್ನು ಪಡೆದುಕೊಂಡು ಹೋಗಿ, ಅವಕ್ಕೆ ಬಣ್ಣ ಹಾಕಿ ರೋಗಾಣುಗಳನ್ನು ಸ್ಪಷ್ಟವಾಗಿ ಕಂಡು, ಕಂಡುಹಿಡಿದವನು ತಾನೇ ಎಂಬಂತೆ ಪ್ರಕಟಿಸಿದನು. ಬಹಳ ವಾದವಾಯಿತು. ಕಡೆಗೆ ಮೊದಲು ಕಂಡವನು ಹ್ಯಾನ್ಸನನೇ ಎಂದು ವಿದ್ವಾಂಸರು ಒಪ್ಪಿದರು. ೧೮೮೮ರಲ್ಲಿ ಆತನು ಅಮೆರಿಕಕ್ಕೆ ಹೋಗಿ, ಅಲ್ಲಿ ನೆಲಸಿದ್ದ ನಾರ್ವೆಯ ಕುಷ್ಠರೋಗಿಗಳ ಸಂತತಿಯವರನ್ನು ಹುಡುಕಿ ಪರೀಕ್ಷಿಸಿದನು. ಅವರಲ್ಲಿ ಒಬ್ಬರಿಗೂ ರೋಗವು ಕಾಣಲಿಲ್ಲ. ರೋಗವು ರಕ್ತದಲ್ಲಿ ಇಳಿದುಬರುವುದೆಂಬ ವಾದಕ್ಕೆ ಇದು ದೊಡ್ಡ ಪೆಟ್ಟಾಯಿತು.

ಔಷಧವಿಲ್ಲದ ಆ ಕಾಲದಲ್ಲಿ ಹ್ಯಾನ್ಸನನಿಗೆ ತೋರಿದ ದಾರಿ ಒಂದೇ: ರೋಗಿಯನ್ನು ಇತರರಿಂದ ಬೇರೆಯಾಗಿ ಇಡುವುದು. ಆತನ ಪ್ರಯತ್ನದಿಂದ ೧೮೭೭ರಲ್ಲಿಯೂ ೧೮೮೫ರಲ್ಲಿಯೂ ನಾರ್ವೆಯಲ್ಲಿ ಕಾನೂನುಗಳಾದವು. ರೋಗಿಯು ಮನೆಯಲ್ಲಿಯೇ ಪ್ರತ್ಯೇಕವಾದ ಕೋಣೆಯಲ್ಲಿ ಇರಬೇಕು, ಅದಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂದು ವಿಧಿಸಲಾಯಿತು. ರೋಗವು ಇಳಿಯುತ್ತಾ ಬಂದಿತು. ಹೊಸ ಶತಮಾನವು ಹುಟ್ಟುವಾಗ ರೋಗಿಗಳ ಸಂಖ್ಯೆ ಆರುನೂರರ ಒಳಗೆ ಬಂದಿತ್ತು. ಜನರ ಊಟ ವಸತಿಗಳು ಸುಧಾರಿಸಿದ್ದೂ ಇದಕ್ಕೆ ಕಾರಣವೆಂದು ಹೇಳುತ್ತಾರೆ. ೧೮೯೭ರಲ್ಲಿ ಬರ್ಲಿನ್ ನಗರದಲ್ಲಿ ಕೂಡಿದ ಸಭೆಯು ನಾರ್ವೆಯ ಕ್ರಮವನ್ನು ಮೆಚ್ಚಿಕೊಂಡಿತು. ಮರು ವರ್ಷ ಆಗಿನ ಬ್ರಿಟಿಷ್ ಇಂಡಿಯಾದಲ್ಲಿಯೂ ಕುಷ್ಠರೋಗಿಗಳನ್ನು ಹಿಡಿದಿಡುವ ಕಾನೂನು ಹುಟ್ಟಿತು. ಆದರೆ ಬಲವಂತದ ಬೇರ್ಪಾಟಿನಿಂದ ಎಷ್ಟೋ ಕಡೆಗಳಲ್ಲಿ ತಾಯಿಮಕ್ಕಳು ಅಗಲಿದರು. ಹೆದರಿದವರು ರೋಗವನ್ನು ಇನ್ನೂ ಹೆಚ್ಚಾಗಿ ಮುಚ್ಚಿಟ್ಟರು. ಆ ೧೮೯೮ರ ಕಾನೂನನ್ನು ಭಾರತದ ಪಾರ್ಲಿಮೆಂಟು ೨೦೧೬ರಲ್ಲಿ ರದ್ದುಮಾಡಿತು.

೧೯೦೯ರಲ್ಲಿ ಎರಡನೆಯ ಸಭೆಯು ಬರ್ಗೆನ್ ಪಟ್ಟಣದಲ್ಲಿಯೇ ಕೂಡಿತು, ಹ್ಯಾನ್ಸನನು ಅಧ್ಯಕ್ಷನಾಗಿದ್ದನು. ಮೂರು ವರ್ಷಗಳಾದ ಮೇಲೆ, ಹೃದಯದ ಬೇನೆಯಿಂದ ನರಳುತ್ತಿದ್ದರೂ ಕೆಲಸವನ್ನು ಬಿಡದೆ ಪರಿಶೀಲನೆಗಾಗಿ ಪ್ರಯಾಣಮಾಡುತ್ತಿರುವಾಗ, ಫ್ಲೋರೋ ಎಂಬ ಊರಿನಲ್ಲಿ ೧೯೧೨ನೆಯ ಇಸವಿ ಫೆಬ್ರವರಿ ೧೨ನೆಯ ತಾರೀಖಿನಲ್ಲಿ ಆತನು ಕಾಲವಾದನು. ಆತನಿಗೆ ಆಗ ಎಪ್ಪತ್ತು ವರ್ಷ. ಒಬ್ಬ ರೋಗಿಯನ್ನಾದರೂ ಪೂರ್ತಿಯಾಗಿ ಗುಣಮಾಡುವ ಔಷಧವನ್ನು ಆತನು ಕಾಣಲಿಲ್ಲ.

ನಾವು ಕಂಡಿದ್ದೇವೆ. ೧೯೪೦ರ ದಶಕದಲ್ಲಿ ಡ್ಯಾಪ್ಸೋನ್ ಮೊದಲಾದ ಔಷಧಗಳು ಬಳಕೆಗೆ ಬಂದವು. ಒಂದೇ ಔಷಧವನ್ನು ಕೊಡುತ್ತಾ ಹೋದಾಗ ರೋಗಾಣುವು ಅದನ್ನೂ ತಪ್ಪಿಸಿಕೊಳ್ಳಲು ಕಲಿತ ಕಾರಣ, ಹಲವು ಔಷಧಗಳನ್ನು ಕೂಡಿಸಿ ಕೊಡಬೇಕೆಂದು ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಂಡಿತರು ನಿರ್ಣಯಿಸಿದರು. ಇದಕ್ಕೆ ಬಹುಔಷಧ ಚಿಕಿತ್ಸೆ ಎಂದು ಹೆಸರು. ಸ್ವಲ್ಪ ರೋಗವಿದ್ದವರಿಗೆ ಆರು ತಿಂಗಳು, ಹೆಚ್ಚಾಗಿದ್ದವರಿಗೆ ಹನ್ನೆರಡು ತಿಂಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುವುದು. ಮಾತ್ರೆಯನ್ನು ಪ್ರಾರಂಭಿಸಿದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಪರರಿಗೆ ಸೋಂಕುವ ಭಯವು ಇಲ್ಲದೆಹೋಗುವುದು. ಆದುದರಿಂದ ಬೇರೆ ಕೋಣೆಯೂ ಬೇರೆ ತಟ್ಟೆಯೂ ಈಗ ಬೇಕಿಲ್ಲ. ಮನೆಯಲ್ಲಿ ಜೊತೆಯಲ್ಲಿರುವವರಿಗೆ ಒಂದೇ ಸಾರಿ ಕೊಡುವ ರಕ್ಷಣೆಯ ಔಷಧವೂ ಉಂಟು.

ಹೀಗಿರುವಲ್ಲಿ ರೋಗವು ಇನ್ನೂ ಏಕೆ ಉಳಿದಿದೆ? ೨೦೦೫ರ ಡಿಸೆಂಬರಿನಲ್ಲಿ ಭಾರತದಲ್ಲಿ ರೋಗಿಗಳ ಸಂಖ್ಯೆಯು ಹತ್ತುಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು. ಆದರೂ ೨೦೨೩ರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಹೊಸ ರೋಗಿಗಳು ನಮ್ಮ ದೇಶದಲ್ಲಿ ಕಂಡುಬಂದರು; ಲೋಕದ ಹೊಸ ರೋಗಿಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ರೋಗಾಣುವು ದೇಹದಲ್ಲಿ ಅಡಗುವ ಉಪಾಯವನ್ನು ಮೇಲೆ ಹೇಳಿದೆವು. ಆದರೆ ಅದಕ್ಕೆ ಮತ್ತೊಂದು ಅಡಗುದಾಣವುಂಟು. ಅದನ್ನು ಒದಗಿಸುವವರು ನಾವೇ. ಅದು ನಾಚಿಕೆ. ಮಗಳ ಮದುವೆಯು ನಿಂತುಹೋದೀತೆಂದು ತಾಯಿಯು ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚುವಳು. ಕೂಲಿಗೆ ಕರೆಯರೆಂದು ತಂದೆಯು ತೋಳಿನ ಅಂಗಿಯನ್ನು ಇಳಿಬಿಡುವನು. ಅಷ್ಟರಲ್ಲಿ ನರವು ಸಾಯುವುದು. ಸತ್ತ ನರವನ್ನು ಯಾವ ಮಾತ್ರೆಯೂ ಬದುಕಿಸದು.

ಆದುದರಿಂದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳ ವಾಚಕರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮೈಮೇಲೆ ಸುತ್ತಲಿನ ಚರ್ಮಕ್ಕಿಂತ ಬಿಳಿಚಾದ ಇಲ್ಲವೆ ಕೆಂಪಾದ ಮಚ್ಚೆಯಿದ್ದು, ಕಣ್ಣು ಮುಚ್ಚಿಕೊಂಡಾಗ ಅಲ್ಲಿ ಹತ್ತಿಯ ಎಳೆಯು ತಾಗಿದ್ದು ತಿಳಿಯದೆ ಹೋದರೆ ಸಂದೇಹಪಡಬೇಕು. ಕೈಕಾಲುಗಳು ಜೋಮು ಹಿಡಿದಂತೆ ಇದ್ದರೂ, ಕಿವಿಯ ಹಾಲೆಯು ದಪ್ಪನಾದರೂ ಹಾಗೆಯೇ. ತೊನ್ನು ಇದಲ್ಲ, ತೊನ್ನಿನ ಬಿಳುಪಿನಲ್ಲಿ ಸ್ಪರ್ಶಜ್ಞಾನವು ಇದ್ದೇ ಇರುತ್ತದೆ, ಅದು ಅಂಟುವದೂ ಇಲ್ಲ. ಸಂದೇಹವಿದ್ದವರು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬಹುದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ಕುಷ್ಠ ಮತ್ತು ಕ್ಷಯ ತಗಲಿದವರಿಗಾಗಿ ಬಹುಕಾಲದಿಂದ ಆಸ್ಪತ್ರೆಯನ್ನು ನಡಿಸುತ್ತಾ ಬಂದಿರುವುದನ್ನು ಆ ಕಡೆಯವರು ಬಲ್ಲರು.

ಹ್ಯಾನ್ಸನನು ಗಾಜಿನ ಕೆಳಗೆ ಇಟ್ಟು ನೋಡಿ ಕಳ್ಳನ ಮೊದಲನೆಯ ಮರೆಯನ್ನು ತೆರೆದನು. ಎರಡನೆಯ ಮರೆಯನ್ನು ತೆರೆಯಲು ಯಂತ್ರವು ಬೇಕಾಗಿಲ್ಲ. ರೋಗ ತಗಲಿದವನು ತನ್ನ ಮೈಯನ್ನು ತೋರಿಸುವ ಧೈರ್ಯವೂ, ನೋಡಿದವರು ಮುಖ ತಿರುಗಿಸದೆ ಅವನನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳುವ ಮನಸ್ಸೂ ಇದ್ದರೆ ಸಾಕು. ಇವು ಹಳ್ಳಿಯ ಪ್ರತಿಯೊಂದು ಮನೆಯವರ ಕೈಯಲ್ಲಿಯೂ ಇವೆ.